ಬಚ್ಚಲ ನೀರಿನ ಪಾಳಿ

ನಮ್ಮ ಮಾವನವರ ಅಪ್ಪಣೆಯಿಲ್ಲದೆ ನಮ್ಮ ಮನೆಯ ಬಚ್ಚಲ ನೀರು ಕೂಡ ಹರಿಯುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಗಿ! ನೀವೇನು ಆ ಮನೆಗೆ ಸೊಸೆಯಾಗಿ ಬಂದವರಲ್ಲವಲ್ಲ. ನಾನು ಬಂದವಳು!

ಮಾವ ತುಂಗಭದ್ರಾ ಕಾಲುವೆಯ ಮೇಲೆ ತೂಬು ಎತ್ತುವ, ಇಳಿಸುವ ನೌಕರಿ ಮಾಡಿ ನಿವೃತ್ತರಾದವರು. ಸರ್ಕಾರ ಅವರನ್ನು ಮನೆಗೆ ಕಳಿಸಿತು. ಅವರು ಕಾಲುವೆಯನ್ನೇ ಮನೆಗೆ ತಂದರು. ಹೊಸಪೇಟೆಯ ನಮ್ಮ ಹಿತ್ತಲಲ್ಲಿ ಬಚ್ಚಲಿನಿಂದ ಹೊರಟ ನೀರು ಮೊದಲು ಜಲ್ಲಿ, ಮರಳು ತುಂಬಿದ ಗುಂಡಿಗೆ ಇಳಿಯಬೇಕು. ಅಲ್ಲಿಂದ ಗೇಣಗಲದ ಕಾಲುವೆ. ಅದಕ್ಕೆ ಡಬ್ಬಿ ಮುಚ್ಚಳದ ತೂಬುಗಳು. ಕರಿಬೇವು, ನುಗ್ಗೆ, ಬಾಳೆ ಎಲ್ಲಕ್ಕೂ ಪಾಳಿ. ಪಾತ್ರೆ ತೊಳೆದ ಜಿಡ್ಡು ನೀರಿಗೆ ಪ್ರವೇಶವಿಲ್ಲ. ಅಕ್ಕಿ ತೊಳೆದ ನೀರು ಪಕ್ಕದ ಮನೆಯ ಎಮ್ಮೆಗೆ. ಈ ನೀರಿನ ಸಂವಿಧಾನವನ್ನು ತಿದ್ದುವ ಹಕ್ಕು ಅತ್ತೆಗೂ ಇರಲಿಲ್ಲ. "ನಾ ಇವರ ಕೂಡ ಸಂಸಾರ ಮಾಡೀನೋ, ನೀರಾವರಿ ಇಲಾಖಿ ಕೂಡ ಮಾಡೀನೋ, ಇನ್ನೂ ತಿಳಿವಲ್ದವ್ವ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿದ್ದೇನೆ. ಹಿತ್ತಲ ಕಡೆಯಿಂದ ಮಾವನ ದನಿ!

"ತಂಗೀ, ಸಾಬೂನಾ, ಕಡ್ಲಿ ಹಿಟ್ಟಾ?"

ನನ್ನ ಜೀವವೇ ಹೋಯಿತು. ಹೊಸ ಸೊಸೆಯನ್ನು ಯಾವ ಮಾವನಾದರೂ ಹೀಗೆ ಕೇಳುತ್ತಾನೆಯೇ? ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ನೋಡಿದೆ.

"ಹೇಳವ್ವ, ನಾಚಿಗಿ ಪಡಬ್ಯಾಡ. ಸಾಬೂನಾದ್ರ ಬಾಳಿಗೆ ಬಿಡ್ತೀನಿ, ಕಡ್ಲಿ ಹಿಟ್ಟಾದ್ರ ಕರಿಬೇವಿಗೆ."

"ಕ... ಕಡ್ಲಿ ಹಿಟ್ಟು, ಮಾವಾರ" ಎಂದೆ. ನಾನು ಕಂಪ್ಲಿ ಕಡೆಯ ಮೆಟ್ರಿಯವಳು. ಕಣ್ಣು ಬಿಟ್ಟರೆ ಗದ್ದೆ, ಕಾಲುವೆ, ನೀರು. ತವರಿನ ರೂಢಿಯಂತೆ ಹಂಡೆ ಖಾಲಿಯಾಗುವವರೆಗೆ ಮಿಂದೆ. ಹೊರಗೆ ಕೂಗೆದ್ದಿತು: "ಕಾಲುವಿ ಒಡೀತಲೇ, ಓಡಿ ಬರ್ರಿ!" ಮಾವ ಸಲಿಕೆ ಹಿಡಿದು ಓಡಾಡುತ್ತಿದ್ದರು, ಅತ್ತೆ ನೆಲಕ್ಕೆ ಕುಳಿತು ನಗುತ್ತಿದ್ದರು. ನನ್ನ ಗೃಹಪ್ರವೇಶ ನೆರೆ ಹಾವಳಿಯೊಂದಿಗೆ ಆಯಿತೆಂದು ಓಣಿಯೆಲ್ಲ ಮಾತಾಡಿಕೊಂಡಿತು.

ಅದು ಅದಿರಿನ ಕಾಲ. ಊರೊಳಗೆ ಹಗಲೂ ರಾತ್ರಿ ಲಾರಿಗಳು, ಎಲೆಯ ಮೇಲೆ, ಎಣ್ಣೆಯ ಮೇಲೆ, ಹುಬ್ಬಿನ ಮೇಲೆ ಕೆಂಪು ಧೂಳು. ನನ್ನ ಗಂಡನಿಗೆ ಸಂಡೂರು ಕಡೆ ಲಾರಿ ತೂಗುವ ಕಾಟಾದಲ್ಲಿ ಕೆಲಸ. ಅವರ ಅಂಗಿ ನೆನೆಸಿದರೆ ಬಕೆಟ್ಟಿನ ನೀರು ಕುಂಕುಮ ಕದಡಿದ ಹಾಗಾಗುತ್ತಿತ್ತು. ಮಾವ ಆ ಬಕೆಟ್ಟಿಗೆ ಅಡ್ಡ ನಿಂತರು.

"ಲೇ, ಇದರಾಗ ಸಂಡೂರು ಗುಡ್ಡಾನ ಐತೆಲ್ಲೋ! ಪರ್ಮಿಟ್ ಇಲ್ದ ಅದಿರು ನನ್ನ ಕಾಲುವ್ಯಾಗ ಹಾಯಂಗಿಲ್ಲ."

"ಊರ ತುಂಬ ಹಾಯಾಕತ್ತೈತಲ್ಲಪ್ಪ" ಎಂದರು ಇವರು.

"ಊರಿಂದು ಊರಿಗೆ ಗೊತ್ತು. ಇದು ನನ್ನ ಏರಿಯಾ!"

ಇಷ್ಟಾದರೂ ನನಗೊಂದು ಆಸೆ. ತವರಿನಿಂದ ದುಂಡುಮಲ್ಲಿಗೆಯ ಟೊಂಗೆ ತಂದಿದ್ದೆ. ನೆಡಲು ಕೇಳಿದರೆ ಮಾವ ಅಡ್ಡಡ್ಡ ತಲೆಯಾಡಿಸಿಬಿಟ್ಟರು. "ಇರೋ ಗಿಡಕ್ಕ ನೀರು ಸಾಲವಲ್ದು. ಹೊಸ ಆಯಕಟ್ಟು ಇಲ್ಲವ್ವ." ಆಯಕಟ್ಟಂತೆ! ಕಾಲುವೆ ನೀರುಣ್ಣುವ ನೂರಾರು ಎಕರೆಗೆ ಹೇಳುವ ಮಾತು, ಎರಡು ಹೆಜ್ಜೆ ಹಿತ್ತಲಿಗೆ! ನಾನೂ ಹಟದವಳೇ. ಕಾಲುವೆಯ ಕಟ್ಟಕಡೆ, ಪಕ್ಕದ ಮನೆಯ ಗೋಡೆಯ ಬುಡದಲ್ಲಿ, ಬಾಳೆಯ ಮರೆಯಲ್ಲಿ ನೆಟ್ಟೆ. ದಿನಾ ಗುಂಡಿಯ ಬಾಯಿಂದ ಒಂದು ಚೊಂಬು ಕದ್ದು ಹಾಕಿದೆ. ಮಾವ ಪತ್ತೆ ಹಚ್ಚಲು ತಡವಾಗಲಿಲ್ಲ.

"ಬಾಳಿಗೆ ನೀರು ಕಮ್ಮಿ ಬರಾಕತ್ತೈತಿ. ಮ್ಯಾಲೆ ಯಾರೋ ಕದಿಯಾಕತ್ತಾರ" ಎನ್ನುತ್ತ ಹುಡುಕಿ, ಮಲ್ಲಿಗೆಯ ಮುಂದೆ ನಿಂತರು. ಕಿತ್ತೊಗೆಯಲಿಲ್ಲ. "ಅನಧಿಕೃತ ನೀರಾವರಿ!" ಎಂದು ಗುಡುಗಿ ಒಳಗೆ ಹೋದರು. ಆಮೇಲೆ ನಿತ್ಯ ಅದರ ಎದುರು ನಿಂತು ಗಂಟಲು ಸರಿ ಮಾಡಿಕೊಳ್ಳುವರು. ನನಗೆ ಕೇಳಲೆಂದೇ!

ಅಷ್ಟರಲ್ಲಿ ಓಣಿಗೆ ಹೊಸ ಚರಂಡಿ ಬಂತು. ಎಲ್ಲರೂ ಬಚ್ಚಲ ಪೈಪು ಅದಕ್ಕೇ ಜೋಡಿಸಬೇಕೆಂದು ನಗರಸಭೆಯ ಅಪ್ಪಣೆಯಾಯಿತು. ಜೊತೆಗೆ ಪಕ್ಕದ ಮನೆಯವರು ಗೋಡೆಗೆ ತೇವ ಏರುತ್ತದೆ ಎಂದು ದೂರು ಕೊಟ್ಟಿದ್ದರು. ಮಾವ ಅರ್ಧ ರೊಟ್ಟಿಗೇ ಎದ್ದರು. ಕಾಲುವೆ ಹೋದರೆ ಹಿತ್ತಲು ಹೋಯಿತು. ಹಿತ್ತಲು ಹೋದರೆ ಮಾವನಲ್ಲಿ ಉಳಿಯುವುದೇನು? ನಮಗೆಲ್ಲ ಭಯವಾಯಿತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಚ್ಚಲ ನೀರಿಗೆ ಪರವಾನಗಿ ಕೇಳಲು ಹೊರಟರು.

ಕಚೇರಿಯ ಗುಮಾಸ್ತ ಕನ್ನಡಕ ತೆಗೆದು ನೋಡಿದನಂತೆ. "ಯಜಮಾನ್ರ, ನೀರು ಕೊಡ್ರಿ ಅಂತ ದಿನಾ ಮಂದಿ ಬರ್ತಾರ. ನಮ್ಮ ನೀರು ಒಯ್ಯಬ್ಯಾಡ್ರಿ ಅಂತ ಬಂದವ್ರು ನೀವ ಮೊದಲ್ನೇದವ್ರು!"

ಮಾವ ಹೋದರು, ಮತ್ತೆ ಹೋದರು. ಕಡೆಗೆ ಅವರ ಕಾಟ ತಾಳದೆ ಸಾಹೇಬರೊಬ್ಬರು ನೋಡಲು ಬಂದೇಬಿಟ್ಟರು. ಧೂಳು ಮೆತ್ತಿದ ಕಾಲು ತೊಳೆಯಲು ಬಚ್ಚಲ ಕಡೆ ತಿರುಗಿದರೆ, "ಸಾಹೇಬ್ರ, ಅಲ್ಲಿ ಬ್ಯಾಡ್ರಿ! ಇವತ್ತು ಕರಿಬೇವಿನ ಪಾಳಿ ಐತಿ. ನಿಮ್ಮ ಕಾಲಾಗ ಅದಿರೈತಿ" ಎಂದು ಮಾವ ರಟ್ಟೆ ಹಿಡಿದರು. ಮುಗಿಯಿತು ಎಂದುಕೊಂಡೆ. ಸಾಹೇಬರು ಬಿದ್ದು ಬಿದ್ದು ನಕ್ಕರು.

ಆಮೇಲೆ ಶ್ರದ್ಧೆಯಿಂದ ನೋಡಿದರು. ವಾಸನೆಯಿಲ್ಲ, ಸೊಳ್ಳೆಯಿಲ್ಲ, ನಿಂತ ನೀರಿಲ್ಲ. "ಮಸ್ತ್ ಮಾಡೀರಿ. ಬಾಳಿ ತನಕ ಬಿಡ್ರಿ, ನಾ ಒಪ್ಪಿಗಿ ಬರಸ್ತೀನಿ. ಆದ್ರ ಕಡೀಕಿನ ಆ ಮಲ್ಲಿಗಿಗೆ ಬ್ಯಾಡ. ಗೋಡಿ ನೀರು ಕುಡೀತೈತಿ. ಕಿತ್ತು ಹಾಕ್ರಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಇಷ್ಟು ಸುಲಭಕ್ಕೆ ಪರವಾನಗಿ! ಕಳ್ಳ ಗಿಡವೊಂದು ಹೋದರೆ ಮಾವನಿಗೇನು? ಮನಸ್ಸಿನಲ್ಲೇ ಮಲ್ಲಿಗೆಗೆ ಕೈ ಮುಗಿದೆ.

ಮಾವ ಮಲ್ಲಿಗೆಯ ಮುಂದೆ ಹೋಗಿ ನಿಂತರು. ಮಾತಾಡಿದಾಗ ದನಿಯಲ್ಲಿ ಗುಡುಗು ಇರಲಿಲ್ಲ.

"ಸಾಹೇಬ್ರ, ನನ್ನ ನೌಕರಿ ಇಡೀ ಕಾಲುವಿ ಕಡೀಕಿನ ರೈತರು ನೀರು ಮುಟ್ಟಲಿಲ್ಲ ಅಂತ ಬಂದು ಅಳತಿದ್ರು. ತೂಬು ನನ್ನ ಕೈಯಾಗ ಇತ್ರಿ. ನೀರು ಮಾತ್ರ ಮ್ಯಾಲೇ ಮುಗೀತಿತ್ತು. ಅವರ ಮಾರಿ ನೋಡಾಕ ಆಗ್ತಿದ್ದಿಲ್ಲ. ಆ ಮಲ್ಲಿಗಿ ನನ್ನ ಸೊಸಿದ್ರಿ. ಈ ಮನಿಗೆ ಕಡೀಕೆ ಬಂದಾಕಿ ಆಕಿ. ಆಕಿ ಗಿಡಕ್ಕ ನೀರು ಬಂದ್ ಮಾಡಿ ನನಗ ಪರ್ಮಿಷನ್ ಸಿಗೂದಾದ್ರ, ಬ್ಯಾಡ್ರಿ. ಎಲ್ಲಾ ನೀರು ಚರಂಡಿಗೇ ಹೋಗಲಿ."

ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಸಾಹೇಬರು ಒಂದು ಸಲ ಗೋಡೆಯನ್ನು, ಒಂದು ಸಲ ಮಾವನನ್ನು ನೋಡಿ, "ಗೋಡಿಗೆ ಅಡ್ಡ ಕಲ್ಲು ಕಟ್ಟಿ ಸಿಮೆಂಟ್ ಹಚ್ರಿ. ಹಂಗಾದ್ರ ಮಲ್ಲಿಗಿಗೂ ಬಿಡ್ರಿ" ಎಂದು ಹೇಳಿ ಹೋದರು.

ಮಾವ ಅಂದೇ ಕಲ್ಲು ಕಟ್ಟಿದರು. ಸಿಮೆಂಟು ಒಣಗಿದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದರು. ಹೊಸದೊಂದು ಮುಚ್ಚಳ ಕಾಲುವೆಯ ತುದಿಯಲ್ಲಿ ಕೂತಿತ್ತು. "ಎತ್ತವ್ವ, ಇವತ್ತು ನಿಂದ ಪಾಳಿ" ಎಂದರು. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ.

"ಆ ಕಡಿ ತಿರಿಗಿ ಅಳು ತಂಗಿ. ಉಪ್ಪು ನೀರಿಗೆ ಪರ್ಮಿಷನ್ ಇಲ್ಲ!"

ನಗುತ್ತಲೇ ಎತ್ತಿದೆ. ನೀರು ಮಲ್ಲಿಗೆಯ ಬುಡಕ್ಕೆ ಹರಿಯಿತು. ಮದುವೆ ಎಂದೋ ಆಗಿತ್ತು. ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಆ ಬೆಳಿಗ್ಗೆ.