ಪಿಯಾನೊ ಅಣ್ಣನಿಗೆ, ಬಾಸ್ ತಮ್ಮನಿಗೆ

ಗಾಳಿಬೀಡಿನ ನನ್ನ ದೊಡ್ಡಮಾವನಷ್ಟು ನ್ಯಾಯವಂತರನ್ನು ನಾನು ಕಂಡಿಲ್ಲ. ಸ್ಟೀರಿಯೊವನ್ನೂ ಸಮಪಾಲು ಮಾಡಿದ ಪುಣ್ಯಾತ್ಮರು ಇನ್ನೆಲ್ಲಿದ್ದಾರೆ ಹೇಳಿ!

ತೋಟ ಪಾಲಾದ ದಿನ ದೊಡ್ಡಮಾವ, ಚಿಕ್ಕಮಾವ ಇಬ್ಬರೂ ಕಾಫಿಗಿಡ, ಕಣ, ದನ ಎಲ್ಲ ಹಂಚಿಕೊಂಡರು. ಉಳಿದದ್ದು ಹರೆಯದಲ್ಲಿ ಕೂಡಿ ಕೊಂಡಿದ್ದ ರೆಕಾರ್ಡ್ ಪ್ಲೇಯರು, ಒಂದು ಜಾಝ್ ಪ್ಲೇಟು. ಅದರಲ್ಲಿ ಇಬ್ಬರೇ. ಒಬ್ಬ ಪಿಯಾನೊದಲ್ಲಿ ಏನೋ ಹೇಳುತ್ತಾನೆ. ಆಳೆತ್ತರದ ಡಬಲ್ ಬಾಸ್ ಮೀಟುವವನು ಆ ಕ್ಷಣಕ್ಕೆ ಹೊಳೆದ ಉತ್ತರ ಕೊಡುತ್ತಾನೆ. ಪಿಯಾನೊ ಎಡ ಸ್ಪೀಕರಿನಲ್ಲಿ, ಬಾಸ್ ಬಲದಲ್ಲಿ. ಸರಿ, ಪ್ಲೇಯರು ಮತ್ತು ಎಡ ಸ್ಪೀಕರು ಅಣ್ಣನಿಗೆ, ಬಲದ್ದು ತಮ್ಮನಿಗೆ! ತೋಟದ ಸಿಲ್ವರ್ ಓಕ್ ಮರದಿಂದ ಮರಕ್ಕೆ ತಂತಿ ಎಳೆದು ಬೇಲಿ ದಾಟಿಸಿದರು. ಮಾತು ಮಾತ್ರ ಬೇಲಿ ದಾಟಲಿಲ್ಲ.

ದೊಡ್ಡಮಾವ ದಿನಾ ಬೆಳಿಗ್ಗೆ ಪ್ಲೇಟು ಹಾಕುತ್ತಿದ್ದರು. ನಡುವೆ ಪಿಯಾನೊ ಸುಮ್ಮನಾಗುತ್ತಿತ್ತು.

"ಮಾವ, ನಿಂತೋಯ್ತಲ್ಲ?"

"ನಿಂತದ್ದಲ್ಲ. ಈಗ ಆಚೆಮನೆಯವನ ಸರದಿ."

"ನಿಮಗೆಂಥ ಕೇಳ್ತದೆ?"

"ನಂಗೆಂಥಕ್ಕೆ ಕೇಳ್ಬೇಕು? ಅವನ ಪಾಲಲ್ವಾ ಅದು!"

ಆಚೆಮನೆಯ ಪಾಡು ಬೇರೆ. ಬಾಸಿನ ಗುಡುಗಿಗೆ ಒಮ್ಮೆ ಪಿಕ್ಕಿಂಗಿನವರು ಆನೆ ಬಂತೆಂದು ಕಾಫಿ ಚೀಲ ಬಿಟ್ಟು ಓಡಿದ್ದರು. "ಓಡ್ಬೇಡಿ ಮಾರಾಯ್ರೇ, ಅದು ನಮ್ಮಣ್ಣನ ಆನೆ!" ಎಂದು ಚಿಕ್ಕಮಾವ ಕೂಗಿದರೂ ಯಾರೂ ನಿಲ್ಲಲಿಲ್ಲ.

ಹೋದ ವರ್ಷ ಚಿಕ್ಕಮಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದಾಯಿತು. ಮೈಸೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಎಲ್ಲರೂ ನೋಡಿ ಬಂದರು, ದೊಡ್ಡಮಾವನ ಹೊರತು. ಇವರದು "ಅಂವ ಮೊದ್ಲು ಕರೀಲಿ." ಅವರದು "ಅಣ್ಣ ಮೊದ್ಲು ಬರ್ಲಿ." ಪ್ಲೇಟು ಮಾತ್ರ ಈಗ ಸಂಜೆಯೂ ತಿರುಗತೊಡಗಿತು.

"ಅವ್ರು ಸತ್ತ ಮೇಲೆ ಹೇಗೂ ಹೋಗ್ತೀರಲ್ಲ, ಅದಕ್ಕೇ ಕಾಯ್ತಿರೋದಾ?" ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳಿದರು. ಮಾವ ಪ್ಲೇಟಿನ ಧೂಳು ಒರೆಸಿದರು.

ಒಂದು ಮಧ್ಯಾಹ್ನ ನೋಡಿದರೆ ತಂತಿ ಕಡಿದು ಬೇಲಿಯ ಈಚೆ ಬಿದ್ದಿತ್ತು. ಮಾವ ಮುಖ ಕೆಂಪಗೆ ಮಾಡಿಕೊಂಡು, ಬೇಲಿಯನ್ನೇ ತುಳಿದು ಆಚೆಮನೆಗೆ ನುಗ್ಗಿದರು. ಹೊಡೆದಾಟವಾದೀತೆಂದು ನಾನು ಹಿಂದೆಯೇ ಓಡಿದೆ.

ಮಂಚದ ಮೇಲಿದ್ದ ಮನುಷ್ಯನಲ್ಲಿ ಹೊಡೆಯುವುದಕ್ಕೆ ಏನೂ ಉಳಿದಿರಲಿಲ್ಲ.

"ತಂತಿ ಎಂಥಕ್ಕೆ ಕಡಿಸಿದ್ದು ನೀನು?"

ಚಿಕ್ಕಮಾವ ಉಸಿರು ಕೂಡಿಸಿಕೊಂಡರು. "ಕಡಿಸಿದ್ರೆ... ಜಗಳಕ್ಕಾದ್ರೂ ಬರ್ತೀ ಅಂತ ಗೊತ್ತಿತ್ತಣ್ಣ."

ದೊಡ್ಡಮಾವ ಮಂಚದ ಅಂಚಿನಲ್ಲಿ ಕೂತು, ತಮ್ಮನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು:

"ಗಂಜಿ ಕುಡಿದ್ಯಾ?"