ಭಾವನ ಪ್ರೋಟೀನು

ನಮ್ಮ ಭಾವನಿಗೆ, ಅಂದರೆ ನನ್ನ ಹೆಂಡತಿಯ ಅಣ್ಣನಿಗೆ, ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ! ಆದರೆ ಅಬುಧಾಬಿಯ ಕಾಲೇಜಿನಲ್ಲಿ ಜೀವರಸಾಯನ ಕಲಿಸುವ ಮನುಷ್ಯ ದುಬೈಯ ನೈಫ್ ಬಜಾರಿನ ತನಕ ಹೋಗಿ, ಹೆಂಗಸರ ನಡುವೆ ನಿಂತು ಗಜಗಟ್ಟಲೆ ರಿಬ್ಬನ್ ಕೊಂಡರೆ ಏನೆನ್ನೋಣ? ಮಗಳ ಮದುವೆಯೇ ಎಂದು ಅಂಗಡಿಯವನು ಕೇಳಿದನಂತೆ. ಅಲ್ಲ, ಪ್ರೋಟೀನು ಎಂದು ಇವರು ಅಲ್ಲೇ ಸುತ್ತಿ ತೋರಿಸಿದರಂತೆ.

ನಮ್ಮ ಮನೆಗೆ ಬಂದರೂ ಅದೇ ಗೋಳು. ಒತ್ತು ಶ್ಯಾವಿಗೆಗೆ ಕಾಯಿಹಾಲು ಹಾಕಲು ಬಿಡುವುದಿಲ್ಲ. ಪ್ರೋಟೀನೂ ಹೀಗೇ ಒಂದು ಉದ್ದ ದಾರ, ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಬೆರಳಲ್ಲಿ ಎತ್ತಿ ತೋರಿಸುತ್ತಾರೆ. "ಮಾಮಾ, ಜಸ್ಟ್ ಈಟ್" ಎನ್ನುತ್ತಾನೆ ನನ್ನ ಮಗ.

ಕಾಲೇಜಿಗೆ ತ್ರೀಡಿ ಸಾಫ್ಟ್‌ವೇರ್ ಬಂದ ಮೇಲಂತೂ ಹುಚ್ಚು ನೆತ್ತಿಗೇರಿತು. ಕನ್ನಡಕ ಹಾಕಿದರೆ ಪ್ರೋಟೀನು ಕಣ್ಣೆದುರು ತೇಲುತ್ತದೆ. ಕೈಯಾಡಿಸಿ ತಿರುಗಿಸಬಹುದು, ಒಳಹೊಕ್ಕು ಬರಬಹುದು. ನನಗೂ ಒಮ್ಮೆ ತೊಡಿಸಿದರು. ನಾನು ಹೋಗಿ ಗುದ್ದಿದ್ದು ಮಾತ್ರ ನಮ್ಮ ಫ್ರಿಜ್ಜಿಗೆ!

ನೀವು ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ತೊಂದರೆಯಾಗಬಾರದು, ಪಾಠಗಳನ್ನೆಲ್ಲ ಅದರಲ್ಲೇ ರೆಕಾರ್ಡ್ ಮಾಡಿಡಿ ಎಂದರು ಕಾಲೇಜಿನವರು. ಭಾವ ಉಬ್ಬಿಹೋದರು. ಊರಿಗೆ ಹೋಗುವ ರಜೆಯನ್ನೇ ಬಿಟ್ಟು ಮೂವತ್ತು ಪಾಠ ತುಂಬಿಸಿದರು. ಮುಗಿಸಿದ ಮರುವಾರ ಕಾಗದ ಬಂತು: ಗುತ್ತಿಗೆ ಮುಂದುವರಿಯುವುದಿಲ್ಲ, ವೀಸಾ ಕ್ಯಾನ್ಸಲ್. ಪಾಠ ಅದರಲ್ಲೇ ಇದೆಯಲ್ಲ, ಗುಂಡಿ ಒತ್ತಲು ಲ್ಯಾಬಿನ ಸಹಾಯಕ ಸಾಕಂತೆ! ಹದಿನಾಲ್ಕು ವರ್ಷದ ದುಡಿಮೆಗೆ ಒಂದು ಕೇಕ್ ಕತ್ತರಿಸಿ ಫೋಟೋ ತೆಗೆದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ನನಗೆ ಮೈ ಉರಿಯಿತು. ಭಾವನ ಕಾಲೇಜಿನ ಪಾಸ್‌ವರ್ಡಿಗೆ ಗುರುವಾರ ಸಂಜೆ ಐದರವರೆಗೆ ಆಯುಷ್ಯವಿತ್ತು.

"ಎಲ್ಲ ಅಳಿಸಿಬಿಡಿ ಭಾವ. ಖಲಾಸ್" ಎಂದೆ.

ಭಾವ ಗುರುವಾರ ಮಧ್ಯಾಹ್ನ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದು ಕೂತರು. ಕೊನೆಗೂ ಬುದ್ಧಿ ಬಂತಲ್ಲ ಎಂದು ಖುಷಿಯಿಂದ ಚಹಾ ತಂದೆ. ಎಷ್ಟು ಅಳಿಸಿದಿರಿ ಎಂದು ಕೇಳಿದೆ.

"ಒಂದೇ ಮಾರಾಯ, ಏಳನೇ ಪಾಠ. ಸುರುಳಿ ಎಡಕ್ಕೆ ತಿರುಗ್ತದೆ ಅಂತ ಬಾಯಿ ತಪ್ಪಿ ಹೇಳಿದ್ದೆ. ಅದು ಬಲಕ್ಕೆ. ಈಗ ಇನ್ನೊಮ್ಮೆ ರೆಕಾರ್ಡ್ ಮಾಡ್ಬೇಕು. ಆ ಮಕ್ಕಳು ಎಂತ ತಪ್ಪು ಮಾಡಿದ್ದಾರೆ, ಪಾಪ?"

ಇಷ್ಟು ವರ್ಷ ಈ ಮನುಷ್ಯನನ್ನು ಕಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು. ಗಂಟೆ ನಾಲ್ಕಾಗಿತ್ತು. ಸದ್ದು ರೆಕಾರ್ಡಿಗೆ ಬೀಳದಿರಲೆಂದು ಜೂನಿನ ಆ ಸೆಕೆಯಲ್ಲಿ ಏಸಿ ನಿಲ್ಲಿಸಿ ಪಕ್ಕದಲ್ಲಿ ಕೂತೆ. ಭಾವ ಹಣೆಯ ಬೆವರು ಒರೆಸಿಕೊಂಡು, ಇನ್ನೆಂದೂ ಮುಖ ನೋಡದ ಆ ಮಕ್ಕಳಿಗೆ "ಗುಡ್ ಮಾರ್ನಿಂಗ್" ಎಂದು ಪಾಠ ಶುರುಮಾಡಿದರು.