ಮಾವನ ಕಿವಿಗೆ ತಕ್ಕ ರಿಸೀವರ್

ಕೊಡಗಿನಲ್ಲಿ ಸರಿಯಾಗಿ ಕಿವಿ ಕೇಳಿಸುವುದು ಇಬ್ಬರಿಗೆ ಮಾತ್ರ. ಒಂದು, ಆನೆಗೆ. ಇನ್ನೊಂದು, ನಮ್ಮ ಸೋದರಮಾವನಿಗೆ. ಇದು ನನ್ನ ಅಭಿಪ್ರಾಯವಲ್ಲ, ಮಾವನದು. ಆನೆಯ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಮಾವ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕೆಲಸದವರ ಹಾಜರಿ ಹಾಕುವುದು, ಯಾರು ಯಾವ ಕಡೆ ಹೋಗಬೇಕೆಂದು ಹೇಳುವುದು ಅವರ ಉದ್ಯೋಗ. ಅದಕ್ಕೂ ಮೊದಲಿನ ಉದ್ಯೋಗ ಇನ್ನೊಂದಿದೆ. ಬೆಳಿಗ್ಗೆ ಎಲ್ಲರೂ ತೋಟದ ಗೇಟಿನ ಹೊರಗೆ ಕಾಯುತ್ತಿರುತ್ತಾರೆ. ಮಾವ ಒಬ್ಬರೇ ಮುಂದೆ ಹೋಗಿ, ಕಣ್ಣು ಮುಚ್ಚಿಕೊಂಡು, ಎರಡು ನಿಮಿಷ ಕೇಳುತ್ತಾರೆ. ಒಳಗೆ ಆನೆ ಇದೆಯೋ ಇಲ್ಲವೋ, ಇದ್ದರೆ ಯಾವ ಕಡೆ, ಮುರಿಯುತ್ತಿರುವುದು ಹಲಸಿನ ಕೊಂಬೆಯೋ ಬೈನೆ ಮರವೋ, ಎಲ್ಲ ಹೇಳುತ್ತಾರೆ. ಅವರು ತಲೆಯಾಡಿಸಿದ ಮೇಲೆಯೇ ಗೇಟು ತೆರೆಯುವುದು. ಇಷ್ಟು ವರ್ಷಗಳಲ್ಲಿ ಆನೆಯಿಂದ ಅಲ್ಲಿ ಯಾರಿಗೂ ಒಂದು ಗಾಯ ಆಗಿಲ್ಲ.

ಇಂಥ ಕಿವಿಗೆ ಕಳೆದ ವರ್ಷ ನಮ್ಮ ಟಿವಿ ಸಾಲದೇ ಹೋಯಿತು.

"ಈಗಿನ ಸಿನಿಮಾದವರು ಮಾತಾಡಲ್ಲ, ಗೊಣಗ್ತಾರೆ," ಎಂದರು ಮಾವ.

"ಅವರೊಬ್ಬರೇ ಅಲ್ಲ, ನಾನೂ ಗೊಣಗ್ತೀನಂತೆ," ಎಂದರು ಅತ್ತೆ ಅಡುಗೆಮನೆಯಿಂದ.

"ಏನಂದೆ?"

"ನೋಡಿದ್ಯಾ ಪುಟ್ಟಿ!" ಎಂದರು ಅತ್ತೆ ನನಗೆ.

ಎಸ್ಟೇಟಿನ ಯಜಮಾನರು ಹೊಸದು ತಂದಾಗ ಕೊಟ್ಟಿದ್ದ ಹಳೆಯ ಐದು ಸ್ಪೀಕರು, ಒಂದು ವೂಫರು ನಮ್ಮ ಅಟ್ಟದ ಮೇಲಿದ್ದವು. ವೂಫರಿನೊಳಗೆ ಇಲಿಯೊಂದು ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸಿದ ಮೇಲೆ ಬೇಕಾದದ್ದು ರಿಸೀವರ್ ಒಂದೇ. ಸಿನಿಮಾದ ಶಬ್ದವನ್ನು ಬಿಡಿಸಿ ಯಾವ ಸ್ಪೀಕರಿಗೆ ಯಾವುದು ಎಂದು ಹಂಚುವ ಪೆಟ್ಟಿಗೆ ಅದು. ಒಂಥರಾ ರೈಟರ್ ಕೆಲಸವೇ!

"ನೀನು ಫಿಸಿಕ್ಸ್ ಓದಿದ್ದೀಯಲ್ಲ, ಸೋವಿಯಲ್ಲಿ ಒಂದು ಒಳ್ಳೇದು ಹುಡುಕು," ಎಂದರು. ನಾನು ಮಾವನ ಮನೆಯಲ್ಲೇ ಇದ್ದುಕೊಂಡು ಕುಶಾಲನಗರದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಾನು ವಿಶೇಷವಾಗಿ ಓದಿದ್ದು ಬೆಳಕನ್ನು, ಶಬ್ದವನ್ನಲ್ಲ. ಆದರೆ ಊಟ ಹಾಕುವವರ ಹತ್ತಿರ ಇದನ್ನೆಲ್ಲ ವಾದಿಸಲಾಗುತ್ತದೆಯೇ? ಎಂಟು ರಿಸೀವರುಗಳ ಒಂದು ಪಟ್ಟಿ ಮಾಡಿದೆ. ಎಷ್ಟು ಸ್ಪೀಕರಿಗೆ ಸಾಕು, ಎಷ್ಟು ವ್ಯಾಟು, ಟಿವಿಗೆ ಹೇಗೆ ಜೋಡಿಸುವುದು, ನಮ್ಮ ಕರೆಂಟಿನ ಏರಿಳಿತವನ್ನು ತಡೆಯುತ್ತದೆಯೇ, ಕೆಟ್ಟರೆ ರಿಪೇರಿ ಎಲ್ಲಿ, ಬೆಲೆ ಎಷ್ಟು. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಎಲ್ಲ ಸರಿ. ಇದರಲ್ಲಿ ಶಬ್ದ ಎಲ್ಲಿದೆ?"

ಹಾಗಾಗಿ ಅಂಗಡಿಗಳ ಯಾತ್ರೆ ಶುರುವಾಯಿತು. ಕುಶಾಲನಗರದ ಅಂಗಡಿಯವನು ನಮ್ಮನ್ನು ಸೋಫಾದಲ್ಲಿ ಕೂರಿಸಿ, ತಲೆಯ ಸುತ್ತ ಹೆಲಿಕಾಪ್ಟರ್ ಹಾರಿಸಿದ. ನಾನು ತಲೆ ತಗ್ಗಿಸಿದೆ. ಮಾವ ಅಲ್ಲಾಡಲಿಲ್ಲ.

"ನಮ್ಮ ತೋಟಕ್ಕೆ ಹೆಲಿಕಾಪ್ಟರ್ ಬರಲ್ಲ. ಕೊಂಬೆ ಮುರಿಯೋದು ಇದ್ರೆ ಹಾಕಪ್ಪ."

"ಕೊಂಬೆ ಇಲ್ಲ ಸಾರ್. ಬಾಂಬ್ ಇದೆ."

ಬಾಂಬನ್ನೂ ಕೇಳಿಯಾಯಿತು. "ಎಡಗಡೆ ಸ್ಪೀಕರ್ ಸತ್ತಿದೆ," ಎಂದು ತೀರ್ಪು ಕೊಟ್ಟು ಮಾವ ಎದ್ದರು. ಮಡಿಕೇರಿಯಲ್ಲಿ ಬೇರೆ ಕಂಪನಿಯದು, ಬೇರೆ ಸ್ಪೀಕರು. ಅಲ್ಲಿಯೂ ಎಡಗಡೆ ಸತ್ತಿತ್ತು! "ಇವರೆಲ್ಲ ಒಂದೇ ಕಡೆಯಿಂದ ಡ್ಯಾಮೇಜ್ ಮಾಲು ತರಿಸ್ತಾರೆ," ಎಂದು ಬಸ್ಸಿನಲ್ಲಿ ನನಗೆ ವಿವರಿಸಿದರು.

ಅದೇ ವಾರ ತೋಟದಲ್ಲಿ ಮಾವ ಎಂದಿನಂತೆ ಕಣ್ಣು ಮುಚ್ಚಿ ಕೇಳಿ, "ಬಲಗಡೆ ಕೆರೆ ಹತ್ರ ಇದೆ. ಎಡಗಡೆ ದಾರಿಯಲ್ಲಿ ಹೋಗಿ," ಎಂದರಂತೆ. ಆನೆ ಎಡಗಡೆಯಿಂದಲೇ ಹೊರಬಂತು. ಎಲ್ಲರೂ ಓಡಿ ಕಾಫಿ ಕಣ ಸೇರಿದರು. ಒಬ್ಬರ ಬುತ್ತಿ ಡಬ್ಬಿ ಅಪ್ಪಚ್ಚಿಯಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮಾವ ಮನೆಗೆ ಬಂದು ಆನೆಯನ್ನು ಬೈದರು.

"ಅದು ನಮ್ಮ ಕಡೆಯ ಆನೆ ಅಲ್ಲ. ಶಿಸ್ತಿಲ್ಲ ಅದಕ್ಕೆ."

ಮೂರನೆಯದು ಮೈಸೂರಿನ ದೊಡ್ಡ ಅಂಗಡಿ. ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆ. ಹಿಂದಿನ ವರ್ಷದ ಮಾದರಿಯಾದ್ದರಿಂದ ಬೆಲೆ ಇಳಿದಿದ್ದ ಒಂದು ರಿಸೀವರ್ ನನ್ನ ಪಟ್ಟಿಯಲ್ಲೂ ಮೊದಲನೆಯದಾಗಿತ್ತು. ಅಂಗಡಿಯವನು ಹಾಡು ಹಾಕಿದ. "ಎಡಗಡೆ ಸತ್ತಿದೆ," ಎಂದರು ಮಾವ. ಅವನು ಸ್ಪೀಕರನ್ನು ಬದಲಿಸಿದ. ಮಾವ ಹೇಳಿದಂತೆ ಸ್ವಲ್ಪ ಹಿಂದಕ್ಕೆ ಸರಿಸಿದ, ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿದ. ಊಹೂಂ. ಕೊನೆಗೆ ಹಿಂದೆ ಬಂದು ನಿಂತ ಅವನಿಗೆ ಬುದ್ಧಿ ಹೇಳಲೆಂದು ಮಾವ ತಿರುಗುವ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದರು. ಹಾಡು ನಡೆದೇ ಇತ್ತು.

"ಥೂ! ಈಗ ಆ ಕಡೆಯದು ಹೋಯ್ತು ನೋಡ್ರಿ. ಎಡಗಡೆಯದು ಸರಿಹೋಯ್ತು, ಬಲಗಡೆಯದು ಸತ್ತೋಯ್ತು!"

ಅಂಗಡಿಯವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ತಿರುಗಿದ್ದು ಸ್ಪೀಕರುಗಳಲ್ಲ, ಮಾವ. ಅಷ್ಟು ತಿಳಿಯುವುದಕ್ಕೆ ಫಿಸಿಕ್ಸ್ ಬೇಕಾಗಿರಲಿಲ್ಲ. ಹೇಳುವುದಕ್ಕೆ ಬೇಕಾದದ್ದು ಮಾತ್ರ ನನ್ನ ಹತ್ತಿರ ಇರಲಿಲ್ಲ. ಆ ಕಿವಿಯನ್ನು ನಂಬಿ ದಿನಾ ಬೆಳಿಗ್ಗೆ ನಲವತ್ತು ಜನ ತೋಟದೊಳಗೆ ಹೋಗುತ್ತಾರೆ.

"ಇದನ್ನೇ ತಗೊಳ್ಳೋಣ ಮಾವ," ಎಂದೆ. "ಇದರ ಜೊತೆ ಒಂದು ಮೈಕ್ ಬರುತ್ತೆ. ನಾವು ಕೂರೋ ಜಾಗದಲ್ಲಿ ಅದನ್ನ ಇಟ್ರೆ, ಯಾವ ಸ್ಪೀಕರ್ ಸರಿಯಿದೆ, ಯಾವುದು ಸರಿಯಿಲ್ಲ ಅಂತ ಅದೇ ಅಳೆದು ಹೇಳುತ್ತೆ."

ಮಾವನಿಗೆ ಬಹಳ ಸಂತೋಷವಾಯಿತು. "ಕೇಳಿದ್ಯೇನಯ್ಯ? ಇನ್ನು ಮೇಲೆ ಸಾಕ್ಷಿ ಇರುತ್ತೆ!"

ಭಾನುವಾರ ಮಧ್ಯಾಹ್ನ ಎಲ್ಲವನ್ನೂ ಜೋಡಿಸಿದೆವು. ಮಾವನ ಕುರ್ಚಿಯ ಮೇಲೆ ಮೈಕ್ ಇಟ್ಟೆ. ರಿಸೀವರ್ ಒಂದೊಂದೇ ಸ್ಪೀಕರಿನಿಂದ ಶಬ್ದ ಹೊರಡಿಸಿ ಅಳೆಯಿತು. ಟಿವಿಯಲ್ಲಿ ಫಲಿತಾಂಶ ಬಂತು: ಐದೂ ಸರಿಯಿವೆ. ಮಾವ ಎರಡು ಸಲ ಓದಿದರು. ಆಮೇಲೆ ತಾವೇ ಎದ್ದು ಎಡಗಡೆಯ ಸ್ಪೀಕರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಇಟ್ಟರು. ಪರೀಕ್ಷೆಯ ಶಬ್ದವನ್ನು ನನ್ನಿಂದ ಮತ್ತೆ ಹಾಕಿಸಿ, ಕುಳಿತು ಕೇಳಿದರು. ಕೊನೆಗೆ ಬಲಗಿವಿಗೆ ಬೆರಳಿಟ್ಟು ಬಿಗಿಯಾಗಿ ಒತ್ತಿ, ಕಣ್ಣು ಮುಚ್ಚಿಕೊಂಡರು.

ರಿಸೀವರಿನ ಪರೀಕ್ಷೆಯ ಶಬ್ದ ಕೋಣೆಯಲ್ಲಿ ಸುತ್ತು ಹೊಡೆಯುತ್ತಲೇ ಇತ್ತು.

"ನಿಲ್ಲಿಸಿದ್ಯಾ ಪುಟ್ಟಿ?"

ನಾನು ಇಲ್ಲ ಎಂದೆ. ಅದೂ ಅವರಿಗೆ ಕೇಳಿಸಲಿಲ್ಲ. ಕಣ್ಣು ಬಿಟ್ಟು ನನ್ನ ಮುಖ ನೋಡಿ ತಿಳಿದುಕೊಂಡರು. ಬೆರಳು ತೆಗೆದರು.

"ರಿಸೀವರ್ ಚೆನ್ನಾಗಿದೆ," ಎಂದರು. "ಒಳ್ಳೇದನ್ನೇ ಆರಿಸಿದ್ದೀಯ."

ಅತ್ತೆ ಕಾಫಿ ತಂದು ಅವರ ಎಡಗಡೆ ಇಡಹೋದವರು, ಏನನ್ನಿಸಿತೋ, ಸುತ್ತಿ ಬಂದು ಬಲಗಡೆ ಇಟ್ಟರು. ಮಡಿಕೇರಿಯ ಕಿವಿ ಡಾಕ್ಟರ ಹತ್ತಿರ ಹೋಗುವ ದಿನವನ್ನು ನಾನು ಫೋನಿನಲ್ಲಿ ಗೊತ್ತುಮಾಡಿದೆ. ಮಾವ ಬೇಡವೆನ್ನಲಿಲ್ಲ. "ನಾಳೆ ನನ್ನ ಜೊತೆ ತೋಟಕ್ಕೆ ಬರ್ತೀಯಾ?" ಎಂದಷ್ಟೇ ಕೇಳಿದರು.

ಬೆಳಿಗ್ಗೆ ಗೇಟಿನ ಹೊರಗೆ ಎಲ್ಲರೂ ಕಾಯುತ್ತಿದ್ದರು. ನನ್ನನ್ನು ನೋಡಿ, "ಮೇಡಮ್ ಯಾಕೆ ಬಂದ್ರು ರೈಟ್ರೇ?" ಎಂದರು ಒಬ್ಬರು.

"ನನ್ನ ಎಡಗಿವಿ ಹೋಗಿದೆ," ಎಂದರು ಮಾವ, ಹಾಜರಿ ಕೂಗುವ ದನಿಯಲ್ಲಿಯೇ. "ಮೊನ್ನೆ ತಪ್ಪಿದ್ದು ಆನೆ ಅಲ್ಲ, ನಾನು. ಇವತ್ತಿಂದ ಇಬ್ಬರು ಕೇಳ್ತೀವಿ."

ಯಾರೂ ನಗಲಿಲ್ಲ. ಮಾವ ನನ್ನನ್ನು ಕರೆದುಕೊಂಡು ಮುಂದೆ ಹೋದರು. "ಎಡಗಡೆ ನಿಂತ್ಕೋ. ಸ್ವಲ್ಪ ಹಿಂದೆ. ಇನ್ನೂ ಸ್ವಲ್ಪ ಹಿಂದೆ." ಅಂಗಡಿಯವನಿಂದ ಸ್ಪೀಕರನ್ನು ಎಲ್ಲಿಡಿಸಿದ್ದರೋ ಸರಿಯಾಗಿ ಅಲ್ಲಿ ನನ್ನನ್ನು ನಿಲ್ಲಿಸಿ, ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಜೀರುಂಡೆ ಕೂಗುತ್ತಿತ್ತು. ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಎರಡು ನಿಮಿಷ ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ.

"ಬಲಗಡೆ ಏನಿಲ್ಲ," ಎಂದರು ಮಾವ. "ಎಡಗಡೆ?"

"ಏನಿಲ್ಲ ಮಾವ."

ಮೂರು ಅಂಗಡಿಯವರನ್ನು ನಂಬದ ಮನುಷ್ಯ, ಇನ್ನೊಂದು ಸಲ ಕೇಳಲಿಲ್ಲ. ಹೋಗಿ ಗೇಟು ತೆಗೆದರು.